ಶೆಡ್ಡಿನ ಪಾಲಿಗೆ ಕಾಳಿಲ್ಲ

ಸಿಟ್ಟು ನಬೀಸಾಬನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಚಿಗಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಮಷೀನಿನ ಬೆಲ್ಟು ಜಾರಿದರೆ ಊರಿಗೆಲ್ಲ ಕೇಳುವಂತೆ ಅದನ್ನು ಬೈಯುತ್ತೇನೆ, ಸರಿಯಾಗಿ ಕೂತ ಮೇಲೆ ಅದನ್ನೇ ಸವರುತ್ತೇನೆ. ಆದರೆ ಹೋದ ವರ್ಷ ಸುಗ್ಗಿಗೆ ಮುಂಚೆ ಬಂದ ಸಿಟ್ಟು ಹಾಗೆ ಬಂದು ಹಾಗೆ ಹೋಗುವಂಥದ್ದಾಗಿರಲಿಲ್ಲ. ಅದು ಬಂದದ್ದು ಒಂದು ಹಿಡಿ ಗೋವಿನಜೋಳದ ಕಾಳಿನಿಂದ. ಸರಿಯಾಗಿ ಹೇಳಬೇಕೆಂದರೆ, ನನಗೆ ಬಾರದೇ ಹೋದ ಕಾಳಿನಿಂದ.

ಮುಂಡಗೋಡ ಕಡೆಯಿಂದ ಬರುವಾಗ ಚಿಗಳ್ಳಿಗೆ ಸ್ವಲ್ಪ ಮೊದಲು ರಸ್ತೆಯ ಎಡಕ್ಕೆ ನನ್ನ ಶೆಡ್ಡು ಇದೆ. ತಗಡಿನ ಮಾಡು, ಮಣ್ಣಿನ ನೆಲ, ಕಾಲಿಟ್ಟರೆ ಒಣಹುಲ್ಲಿನ ವಾಸನೆ. ಸುಗ್ಗಿ ಮುಗಿದ ಮೇಲೆ ಊರಿನವರು ಭತ್ತದ ಹುಲ್ಲು ತಂದು ಇಲ್ಲಿ ಒಟ್ಟುತ್ತಾರೆ. ಅದು ಮಳೆಗೆ, ಇಲಿಗೆ, ಬೀಡಿ ಸೇದುವವರಿಗೆ ಸಿಗದಂತೆ ನಾನು ಕಾಯುತ್ತೇನೆ. ಬೇಸಿಗೆಯಿಂದ ಮುಂದಿನ ಸುಗ್ಗಿಯ ತನಕ ಕೊಚ್ಚಿ, ಹಿಂಡಿ ಬೆರೆಸಿ, ಪಾಲಿನ ಪ್ರಕಾರ ಕೊಡುತ್ತೇನೆ. ಹೊಲವಿಲ್ಲದೆ ಒಂದೇ ಆಕಳು ಕಟ್ಟಿಕೊಂಡ ಗುರುಸಿದ್ದವ್ವನಂಥವರಿಗೂ ಪಾಲಿದೆ. ಅವಳು ಹುಲ್ಲಿನ ಬದಲು ಸೆಗಣಿಗೊಬ್ಬರ ಕೊಡುತ್ತಾಳೆ, ಹೊಲ ಇದ್ದವರು ಅದನ್ನು ಒಯ್ಯುತ್ತಾರೆ. ಹಳಿಯಾಳದಲ್ಲಿ ಕಬ್ಬು ಕಡಿಯುವ ದಿನಗಳಲ್ಲಿ ಟೆಂಪೋ ತೆಗೆದುಕೊಂಡು ಹೋಗಿ ಹಸಿ ಸೋಗೆ ತುಂಬಿಕೊಂಡು ಬರುತ್ತೇನೆ. ಕೊಯ್ಲಿನ ಯಂತ್ರ ಬಂದ ಮೇಲೆ ಅರ್ಧ ಹುಲ್ಲು ಗದ್ದೆಯಲ್ಲೇ ಪುಡಿಯಾಗಿ ಹೋಗುತ್ತಿದೆ. ಈ ಶೆಡ್ಡೂ ಇಲ್ಲದಿದ್ದರೆ ಬೇಸಿಗೆ ಬರುವಷ್ಟರಲ್ಲಿ ಎಷ್ಟೋ ಮನೆಯ ಹಟ್ಟಿ ಬರಿದಾಗಬೇಕು. ನೀವು ಇದನ್ನು ಜಂಬ ಅನ್ನಬಹುದು. ಜಂಬವೇ ಇರಲಿ, ನಿಜ.

ಈ ಏರ್ಪಾಟು ಹುಟ್ಟಿದ್ದು ಅಂದಾನೆಪ್ಪನ ತಲೆಯಲ್ಲಿ. ಅವನು ಈಗಿಲ್ಲ.

ನಾನು ದಾಂಡೇಲಿಯವನು. ಅಬ್ಬಾ ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಅಲ್ಲಿ ಯಾರ ಮನೆಯಲ್ಲೂ ಗಡಿಯಾರ ಬೇಕಾಗಿರಲಿಲ್ಲ. ಮಿಲ್ಲಿನ ಭೋಂಗಾ ಕೂಗಿದರೆ ಹಾಲು ಕಾಯಿಸುವವರು ಕಾಯಿಸುತ್ತಿದ್ದರು, ಶಾಲೆಗೆ ಓಡುವವರು ಓಡುತ್ತಿದ್ದರು. ಹಾಲು ಬರುತ್ತಿದ್ದದ್ದು ಕಾಡಿನೊಳಗಿನ ಗೌಳಿಗರಿಂದ. ಗೋದುಬಾಯಿ ಎಂಬ ಗೌಳಿ ಮುದುಕಿ ತಲೆಯ ಮೇಲೆ ಹಿತ್ತಾಳೆ ಕೊಡ ಹೊತ್ತು ನಮ್ಮ ಓಣಿಗೆ ಬರುತ್ತಿದ್ದಳು. ಹಾಲು ತುಳುಕಬಾರದೆಂದು ಮೇಲೆ ಹಸಿ ಎಲೆ ತೇಲಿಬಿಟ್ಟಿರುತ್ತಿದ್ದಳು. ಆ ಎಲೆ ನನಗೇ ಬೇಕೆಂದು ಹಟ ಹಿಡಿದು ನೆಕ್ಕುತ್ತಿದ್ದೆ. ಆ ಹಾಲಿಗೆ ಕಾಡಿನ ವಾಸನೆ ಇತ್ತು. ಈಗಿನ ಪಾಕೀಟಿನ ಹಾಲಿಗೆ ಪಾಕೀಟಿನ ವಾಸನೆ ಇದೆ.

ಮಿಲ್ಲಿನ ಕೆಲಸ ನನಗೆ ಸಿಗಲಿಲ್ಲ. ಮೆಕ್ಯಾನಿಕ್ ಉಸ್ತಾದರ ಕೈಕೆಳಗೆ ಪಂಪಸೆಟ್ಟು ರಿಪೇರಿ ಕಲಿತೆ. ಹಾಗೆ ಒಂದು ಸಲ ಅಂದಾನೆಪ್ಪನ ಪಂಪು ಬಿಚ್ಚಲು ಚಿಗಳ್ಳಿಗೆ ಬಂದವನು, ಹುಬ್ಬಳ್ಳಿಯಿಂದ ಸಾಮಾನು ಬರುವ ತನಕ ಅವನ ಕಟ್ಟೆಯ ಮೇಲೆ ಉಳಿದೆ. ಸಾಮಾನು ತಡವಾಯಿತು. ಅಷ್ಟರೊಳಗೆ ಅವನ ಎಮ್ಮೆ ಈದು, ನಾನು ಗಿಣ್ಣ ತಿಂದು, ಬಣವೆ ಒಟ್ಟಲು ಕೈಹಚ್ಚಿ, ಊರಿನ ಇನ್ನೆರಡು ಪಂಪು ನೆಟ್ಟಗೆ ಮಾಡಿಬಿಟ್ಟಿದ್ದೆ.

"ದಾಂಡೇಲಿಗೆ ಹೋಗಿ ಏನ ಮಾಡ್ತಿ?" ಎಂದ ಅಂದಾನೆಪ್ಪ. "ರಸ್ತೆ ಬಾಜೂಕ ನಂದೊಂದು ತುಂಡು ಜಾಗಾ ಐತಿ. ಶೆಡ್ಡು ಹಾಕು. ಉಂಡರ ನಮ್ಮನ್ಯಾಗ ಉಣ್ಣು, ಇಲ್ಲಾ ಮಾಡಿಕೊಂಡು ಉಣ್ಣು."

ಸ್ವಲ್ಪ ಕಾಲ ಅವನ ಮನೆಯಲ್ಲಿ ಉಂಡೆ. ಆಮೇಲೆ ಮದುವೆಯಾಗಿ ಸಕೀನಾ ಬಂದಳು, ಮಾಡಿಕೊಂಡು ಉಂಡೆ. ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿ ಮುಂಡಗೋಡದ ಹೋಟೆಲುಗಳಿಗೆ ಹೋಗುವುದು, ಬಂದು ಸ್ಪ್ಯಾನರು ಹಿಡಿಯುವುದು. ಗೋದುಬಾಯಿಯ ಎಲೆ ನೆನಪಿಟ್ಟುಕೊಂಡು ನಾನೂ ಹಾಲಿನ ಮೇಲೆ ಶುಚಿಯಾದ ಭತ್ತದ ಹುಲ್ಲಿನ ಸುರುಳಿ ತೇಲಿಬಿಡುತ್ತಿದ್ದೆ. ಅತ್ತಿವೇರಿಯ ಕೆರೆಗೆ ಹೋಗುವ ಹಕ್ಕಿಗಳು ತಲೆಯ ಮೇಲೆ, ನಾನು ಕೆಳಗೆ. ಆ ರಸ್ತೆಯಲ್ಲಿ ಆಗ ಬಸ್ಸು ಬಿಟ್ಟರೆ ನನ್ನ ಸೈಕಲ್ಲಿನ ಗಂಟೆಯೇ ದೊಡ್ಡ ಸದ್ದು.

ಒಂದು ದಿನ ನಾನೂ ಅಂದಾನೆಪ್ಪನೂ ಹುಬ್ಬಳ್ಳಿಗೆ ಹೋಗಿ ಮೇವು ಕೊಚ್ಚುವ ಕೈಚಕ್ರದ ಮಷೀನು ತಂದೆವು. ಹೆಂಗಸರು ನಕ್ಕದ್ದೇ ನಕ್ಕದ್ದು. "ಅಂದಾನೆಪ್ಪಾರು ದನಕ್ಕ ಶಾವಿಗಿ ಮಾಡಿ ಹಾಕ್ತಾರಂತ" ಎಂದು ಊರೆಲ್ಲ ಸಾರಿದವಳು ಮುದಕವ್ವ, ಅವನ ಎದುರು ಮನೆಯವಳು. ಆಕೆಯ ಬಾಯಿಗೆ ಬೀಗವಿಲ್ಲ. ಆದರೆ ಆ ಬೇಸಿಗೆಯಲ್ಲಿ, ಇಡಿಯ ಹುಲ್ಲು ತುಳಿದು ಹಾಳು ಮಾಡುತ್ತಿದ್ದ ದನಗಳು ಕೊಚ್ಚಿದ್ದನ್ನು ಗೋದಲಿ ನೆಕ್ಕಿ ತಿಂದದ್ದು ನೋಡಿ, ಮೊದಲು ಬುಟ್ಟಿ ತಂದವಳೂ ಅವಳೇ. ಹಾಗೆ ಶುರುವಾದದ್ದು ಈ ಪಾಲಿನ ಪದ್ಧತಿ. ಅಂದಾನೆಪ್ಪ ಬಣವೆಯ ಮೇಲೆ ನಿಂತು ಹುಲ್ಲಿನ ಸಿವುಡು ಜೋಡಿಸುವುದು, ನಾನು ಕೆಳಗಿನಿಂದ ಎಸೆಯುವುದು. ಅವನು ಒಟ್ಟಿದ ಬಣವೆಯೊಳಗೆ ಮಳೆಗಾಲದಲ್ಲಿ ಕೈ ಹಾಕಿದರೂ ಬೆಚ್ಚಗೆ ಒಣಗಿರುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಅಂಗೈ ತುರಿಸುತ್ತದೆ.

ಅಂದಾನೆಪ್ಪನ ಮಗಳು ಸುನಂದಾಳ ಮದುವೆಯ ಮಾತೂ ಇಲ್ಲಿ ಹೇಳಬೇಕು. ಅವತ್ತು ಜನರೇಟರು ನನ್ನದು, ನೀರಿನ ಟ್ಯಾಂಕು ನನ್ನದು, ಸ್ಪೀಕರು ಕೆಟ್ಟರೆ ಬೈಗುಳವೂ ನನಗೇ. ಬೀಗರ ಪಂಕ್ತಿ ಎದ್ದಿತು, ಊರವರ ಪಂಕ್ತಿ ಎದ್ದಿತು, ನಾನು ಮಾತ್ರ ಕೂತಿರಲಿಲ್ಲ. ಕೊನೆಯಲ್ಲಿ ಬಡಿಸಿದವರು, ನೀರು ಹೊತ್ತವರು, ಅಂದಾನೆಪ್ಪ, ನಾನು ಕೂತಾಗ ಗೋಧಿ ಹುಗ್ಗಿ ಮುಗಿದಿತ್ತು. ಅಂದಾನೆಪ್ಪ ಎದ್ದು ಹೋಗಿ ಹಂಡೆಯ ತಳ ಕೆರೆದು ತಂದು, ಸೀದ ಹುಗ್ಗಿಯನ್ನು ನನ್ನ ಎಲೆಗೂ ತನ್ನ ಎಲೆಗೂ ಅರ್ಧರ್ಧ ಹಾಕಿದ. ಆಮೇಲೆ ಎಷ್ಟೋ ವರ್ಷ ಸುನಂದಾ ತವರಿಗೆ ಬಂದಾಗಲೆಲ್ಲ, "ನಿನ್ನ ಮದುವಿ ಹುಗ್ಗಿ ಇನ್ನೂ ಬಾಕಿ ಐತಿ ನೋಡವಾ" ಎಂದು ನಾನು ಕಾಡುತ್ತಿದ್ದೆ. ಅವಳು ಗಂಡನನ್ನು ಕಳೆದುಕೊಂಡು ತವರಿಗೇ ಬಂದು ಎರಡು ಎಚ್.ಎಫ್. ತಳಿಯ ಆಕಳು ಕಟ್ಟಿದ ಮೇಲೆ ಆ ಮಾತು ಬಿಟ್ಟೆ. ಈಗ ಅವಳು ಹೆಂಗಸರ ಹಾಲಿನ ಸಂಘದ ಅಧ್ಯಕ್ಷೆ.

ಇಷ್ಟಾದ ಮೇಲೆ ಯೋಜನೆ ಬಂತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೇರಿಸಿ ಸಣ್ಣ ರೈತರ ಹೈನು ಮತ್ತು ಮೇವು ಸುಧಾರಿಸುವುದು ಅದರ ಉದ್ದೇಶ. ಹಾಲು ಕೊಳ್ಳುವವರು, ದನದ ಡಾಕ್ಟರು, ಬ್ಯಾಂಕು, ಪಂಚಾಯತಿ, ಬಿತ್ತನೆ ಮೇವು ಕೊಡುವ ಒಂದು ಸಂಸ್ಥೆ, ಹೆಂಗಸರ ಸಂಘ, ಜತೆಗೆ ನನ್ನ ಶೆಡ್ಡು. ಎಲ್ಲರೂ ಕೈಗೂಡಿಸಿ ದುಡಿಯಬೇಕು ಎಂದರು. ಶೆಡ್ಡಿಗೆ ಹಸಿರು ಬಣ್ಣದ, ಕರೆಂಟಿನ ಹೊಸ ಮಷೀನು ಕೊಟ್ಟರು. ಗುಂಡಿ ಒತ್ತಿದರೆ ಹುಲ್ಲು ಹಿಟ್ಟಾಗುತ್ತಿತ್ತು. ನನ್ನ ಭುಜಕ್ಕೆ ಆ ಮಷೀನಿನ ಮೇಲೆ ಎಷ್ಟು ಪ್ರೀತಿ ಎಂದು ಭುಜಕ್ಕೇ ಗೊತ್ತು. ಕೈಚಕ್ರದ್ದನ್ನು ಗೋಣಿಚೀಲ ಹೊದಿಸಿ ಮೂಲೆಗೆ ಸರಿಸಿದೆ.

ಯೋಜನೆಯ ಮೊದಲ ಸುತ್ತು ಮುಗಿದಾಗ ಮೌಲ್ಯಮಾಪನ ಎಂಬುದು ಬಂತು. ಯಾರು ಯಾರ ಕೂಡ ಹೇಗೆ ದುಡಿದರು, ಯಾರಿಂದ ಹೈನು ಮಾಡುವವರಿಗೆ ನಿಜವಾಗಿ ನೆರವಾಯಿತು ಎಂದು ನೋಡುವುದು. ನೆರವಾದವರನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳುವುದು, ಉಳಿದವರನ್ನು ಕೈಬಿಡುವುದು. ಮೇವಿನ ಕೆಲಸವನ್ನು ಮುಂಡಗೋಡದ ದೊಡ್ಡ ಗೋದಾಮಿಗೆ ಒಯ್ಯಬೇಕೆಂಬ ಮಾತು ಮೊದಲೇ ಇತ್ತು. ಹೀಗಾಗಿ ನನ್ನ ಶೆಡ್ಡು, ಹಸಿರು ಮಷೀನು ಎರಡೂ ಈ ಪರೀಕ್ಷೆಯ ಮೇಲೆ ನಿಂತಿದ್ದವು. ನಾನು ಹೆದರಲಿಲ್ಲ. ಚಿಗಳ್ಳಿಯ ಹೆಂಗಸರನ್ನು ಕೇಳುತ್ತಾರೆ ತಾನೆ, ಕೇಳಲಿ ಎಂದೆ.

ಕೇಳಲು ಬಂದವಳು ಅಂಬರೀನ. ಓದಿದ ಹುಡುಗಿ, ನಗುಮುಖ. ಜೋಯಿಡಾದಲ್ಲಿ ಕೊಂಕಣಿಯಲ್ಲಿ, ಹಳಿಯಾಳದಲ್ಲಿ ಮರಾಠಿ ಬೆರೆಸಿ ಕೇಳಿ ಮುಗಿಸಿ ನಮ್ಮಲ್ಲಿಗೆ ಬಂದಿದ್ದಳು. ದಾಂಡೇಲಿಯವಳೆಂದು ಗೊತ್ತಾದದ್ದೇ ಅವಳ ಅಜ್ಜ ಯಾವ ಪಾಳಿ, ಯಾವ ಓಣಿ ಎಂದೆಲ್ಲ ಕೇಳಿದೆ. ಭೋಂಗಾದ ಮಾತು ತೆಗೆದೆ. ಅವಳು ನನ್ನನ್ನು ಚಾಚಾ ಎಂದಳು. ತವರಿನ ಕಡೆಯವರು ಬಂದಂತಾಯಿತು ನನಗೆ.

ಸಂಘದ ಕಟ್ಟಡದ ನೆಲದ ಮೇಲೆ ಅವಳು ರಂಗೋಲಿ ಪುಡಿಯಿಂದ ವೃತ್ತಗಳನ್ನು ಬರೆದಳು. ಒಬ್ಬೊಬ್ಬರಿಗೆ ಒಂದೊಂದು, ಒಳಗೆ ಒಂದೊಂದು ಚಿತ್ರ. ಡಾಕ್ಟರಿಗೆ ಸೂಜಿ, ಹಾಲಿನವರಿಗೆ ಕ್ಯಾನು, ಶೆಡ್ಡಿಗೆ ಹುಲ್ಲಿನ ಕಂತೆ. ಪ್ರತಿ ಹೆಂಗಸಿಗೂ ಒಂದು ಹಿಡಿ ಗೋವಿನಜೋಳ ಕೊಟ್ಟು, ಯಾರಿಂದ ಎಷ್ಟು ಉಪಕಾರ ಆಗಿದೆಯೋ ಅವರ ವೃತ್ತದಲ್ಲಿ ಅಷ್ಟು ಕಾಳು ಇಡಿರಿ ಎಂದಳು. "ದನಕ್ಕ ಹಾಕೂ ಕಾಳು ನೆಲಕ್ಕ ಹಾಕಸ್ತಾಳ" ಎಂದು ಮುದಕವ್ವ ಗೊಣಗಿದ್ದು ನನಗೂ ಕೇಳಿಸಿತು. ಹೆಂಗಸರಿಗೆ ಸಂಕೋಚ ಆಗಬಾರದೆಂದು ನಮ್ಮನ್ನೆಲ್ಲ ಹೊರಗೆ ಕೂರಿಸಿದರು. ಬೇವಿನ ಮರದ ಕೆಳಗೆ ಡಾಕ್ಟರು, ಬ್ಯಾಂಕಿನವರು, ನಾನು ಚಹಾ ಕುಡಿದೆವು. ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಎಷ್ಟೋ ಹಳ್ಳಿಗೆ ಅವರೊಬ್ಬರೇ. "ನಬೀಸಾಬ, ಇವತ್ತ ನನಗ ಸೊನ್ನಿನ" ಎಂದು ನಕ್ಕರು. ನನ್ನ ಕಾಳಿನಲ್ಲಿ ಒಂದಿಷ್ಟು ಸಾಲ ಕೊಡುತ್ತೇನೆ ಎಂದು ನಾನು ದೊಡ್ಡಸ್ತಿಕೆ ತೋರಿಸಿದೆ.

ಹೆಂಗಸರು ಹಾಲು ಹಿಂಡುವ ಹೊತ್ತಾಯಿತೆಂದು ಎದ್ದು ಹೋದ ಮೇಲೆ ಅಂಬರೀನ ನನ್ನೊಬ್ಬನನ್ನೇ ಒಳಗೆ ಕರೆದಳು. ಅವಳ ಮುಖ ಸಣ್ಣದಾಗಿತ್ತು.

ಡಾಕ್ಟರ ವೃತ್ತದಲ್ಲಿ ಕಾಳಿನ ಗುಡ್ಡೆ. ಹಾಲಿನವರ ವೃತ್ತ ತುಂಬಿ ಗೆರೆಯ ಆಚೆ ಚೆಲ್ಲಿತ್ತು. ಸುನಂದಾಳ ಸಾಲದ ಅರ್ಜಿಯನ್ನು ಮತ್ತೆ ಮತ್ತೆ ತಿರುಗಿಸಿ ಕಳಿಸಿದ್ದ ಬ್ಯಾಂಕಿನವರಿಗೂ ಒಂದು ಗುಡ್ಡೆ. ಎರಡೇ ವೃತ್ತ ಖಾಲಿ. ಒಂದು ಹೆಂಗಸರ ಸಂಘದ್ದು, ಇನ್ನೊಂದು ನನ್ನದು. ಹುಲ್ಲಿನ ಕಂತೆಯ ಚಿತ್ರ, ಸುತ್ತ ಬಿಳಿಯ ಗೆರೆ, ಒಳಗೆ ಬರೀ ನೆಲ.

"ಸಂಘ ಅವರದೇ ಅಲ್ಲೇನ್ರೀ ಚಾಚಾ, ತಮಗ ತಾವ ಇಟ್ಕೊಂಡಿಲ್ಲ, ಅದು ಸಹಜ" ಎಂದಳು ಅಂಬರೀನ. "ಆದರ ಶೆಡ್ಡಿಗೆ ಒಬ್ರೂ ಒಂದು ಕಾಳು ಇಟ್ಟಿಲ್ಲ. ನಾಳೆ ನಮ್ಮ ದೊಡ್ಡ ಸಾಹೇಬ್ರು ಬರ್ತಾರ. ಅವರ ಮುಂದ ಇದನ್ನ ಹೇಳಬೇಕು. ನಿಮಗ ಮೊದಲ ಗೊತ್ತಿರಲಿ ಅಂತ ಕರದೆ."

ಅವಳು ದನಿ ತಗ್ಗಿಸಿ ಉರ್ದುವಿನಲ್ಲಿ, ಜಮಾನಾ ಬದಲಾಗಿದೆ ಚಾಚಾ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಅವಳು ಏನು ಹೇಳದೆ ಬಿಟ್ಟಳೋ ಅದು ನನಗೆ ಹೇಳಿದ್ದಕ್ಕಿಂತ ಚೆನ್ನಾಗಿ ಕೇಳಿಸಿತು. ನನ್ನ ಹೆಸರು ನಬೀಸಾಬ. ಕಾಳು ಹಿಡಿದ ಕೈಗಳೆಲ್ಲ ಸೋಮವಾರ ಎತ್ತಿಗೆ ನೊಗ ಹಚ್ಚದ, ಶಿವಶಿವಾ ಅನ್ನುತ್ತ ಏಳುವ ಮನೆಗಳವು. ಈಗೀಗ ಮೊಬೈಲಿನಲ್ಲಿ ಏನೇನು ಬರುತ್ತದೆ ಎಂದು ನಾನೂ ನೋಡಿದವನೇ. ನಮ್ಮೂರಿಗೆ ಅದು ಬಂದಿಲ್ಲ ಎಂದುಕೊಂಡಿದ್ದೆ. ಬಂದು ಕೂತಿದೆ, ನನಗೇ ತಡವಾಗಿ ತಿಳಿಯಿತು ಎಂದುಕೊಂಡೆ.

ಶೆಡ್ಡಿಗೆ ಬಂದು ಮಷೀನಿನ ಕರೆಂಟು ತೆಗೆದೆ, ಬಾಗಿಲಿಗೆ ಬೀಗ ಜಡಿದೆ. ಮನೆಗೆ ಬಂದು ಸಕೀನಾಳಿಗೆ ಗಂಟುಮೂಟೆ ಕಟ್ಟು, ದಾಂಡೇಲಿಗೆ ಹೋಗೋಣ ಎಂದೆ. ನಮ್ಮ ಮನೆಮಾತು ಉರ್ದು, ಆದರೆ ಜಗಳ ಮಾತ್ರ ಕನ್ನಡದಲ್ಲಿ. ಅಕ್ಕಪಕ್ಕದವರಿಗೂ ತಿಳಿಯಲಿ ಎಂಬುದು ಸಕೀನಾಳ ಲೆಕ್ಕ.

"ದಾಂಡೇಲ್ಯಾಗ ಯಾರದಾರ?" ಎಂದಳು.

"ನನ್ನ ತಮ್ಮನ ಮಗ ತಾರಿಕ ಇಲ್ಲೇನು?"

"ಅವನ ಮನಿ ಎರಡು ಖೋಲಿ. ನಿನ್ನ ಸಿಟ್ಟಿಗೆ ಒಂದು ಖೋಲಿ ಬೇಕು. ಅವರನ್ನ ಕೇಳಿದ್ಯಾ, ಯಾಕ ಕಾಳು ಇಡಲಿಲ್ಲ ಅಂತ?"

"ಕೇಳೂದೇನೈತಿ? ಕಣ್ಣೀಲೆ ಕಂಡೇನಿ."

"ಕಣ್ಣು ಕಂಡದ್ದು ನೆಲ" ಎಂದು ಅವಳು ರೊಟ್ಟಿ ಬಡಿಯಲು ಎದ್ದಳು. ಅಂದಾನೆಪ್ಪ ಇದ್ದಿದ್ದರೆ ಎಂದು ಯೋಚಿಸಿದೆ. ಅವನು ಇದ್ದಿದ್ದರೂ ಕಾಳು ಇಡುತ್ತಿರಲಿಲ್ಲವೇನೋ ಎಂಬ ಅನುಮಾನ ಒಂದು ಗಳಿಗೆ ಬಂತು. ಅದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಸತ್ತವನನ್ನೂ ನಾನು ಬಿಡಲಿಲ್ಲ ನೋಡಿ.

ಬೆಳಿಗ್ಗೆ ಬಾಗಿಲು ಬಡಿದವಳು ಮುದಕವ್ವ. ಕಂಕುಳಲ್ಲಿ ಖಾಲಿ ಬುಟ್ಟಿ. ಹಿಂದೆ ಗುರುಸಿದ್ದವ್ವ, ಇನ್ನೂ ನಾಲ್ಕಾರು ಮಂದಿ, ಎಲ್ಲರ ಕೈಯಲ್ಲೂ ಬುಟ್ಟಿ.

"ಯಾಕೋ ನಬೀ, ಬೀಗಾ ಹಾಕೀದಿ? ಆಕಳಿಗೆ ಏಕಾದಶಿ ಮಾಡಸ್ತೀಯೇನು? ಮೈಯಾಗ ಹುಷಾರೈತಿಲ್ಲೋ?"

"ಗೋದಾಮಿಗೆ ಹೋಗ್ರಿ ಮುಂಡಗೋಡಕ್ಕ" ಎಂದೆ. "ಒಂದು ಕಾಳಿನ ಯೋಗ್ಯತಾ ಇಲ್ಲದವನ ಬಾಗಿಲಿಗೆ ಯಾಕ ಬಂದ್ರಿ?"

ಅವಳಿಗೆ ತಲೆಬುಡ ತಿಳಿಯಲಿಲ್ಲ. ನಿಜವಾಗಿಯೂ ತಿಳಿಯಲಿಲ್ಲ ಎಂದು ಈಗ ಗೊತ್ತು, ಆಗ ನಾಟಕ ಅನ್ನಿಸಿತು. ಆದದ್ದನ್ನೆಲ್ಲ ಒದರಿದೆ. ಡಾಕ್ಟರಿಗೆ ಗುಡ್ಡೆ, ಬ್ಯಾಂಕಿಗೆ ಗುಡ್ಡೆ, ನನಗೆ ಸೊನ್ನೆ, ನಾನು ನಿಮ್ಮವನಲ್ಲ ಅಂತ ಮೊದಲೇ ಹೇಳಬೇಕಿತ್ತು, ಇಷ್ಟು ವರ್ಷ ಯಾಕೆ ಕಾಯಿಸಿದಿರಿ ಎಂದೆ.

ಮುದಕವ್ವ ಬುಟ್ಟಿ ಕೆಳಗಿಟ್ಟಳು.

"ಅಯ್ಯ ಹುಚ್ಚಪ್ಪಾ" ಎಂದಳು. "ಆ ಕಾಳು ಬಂದ ಮಂದಿಗೆ ಮರ್ಯಾದಿ ಅಲ್ಲೇನೋ? ಆ ಹುಡುಗಿ ಉಪಕಾರ ಅಂದಳು. ಉಪಕಾರ ಅನ್ನೂದು ಹೊರಗಿನವರಿಗೆ. ಡಾಕ್ಟರ ಪಾಪ ಗಾಡಿ ಹೊಡಕೊಂಡು ಬರ್ತಾನ, ಬ್ಯಾಂಕಿನಾಂವ ಬಿಸಿಲಾಗ ಬಂದಾನ, ಬರೀಗೈಲೆ ಕಳಿಸಿದ್ರ ಇನ್ನೊಮ್ಮೆ ಬರ್ತಾರೇನು? ಮದುವಿಗೆ ಬಂದ ಬೀಗರಿಗೆ ಸೀರಿ-ರುಮಾಲಿನ ಆಯೇರಿ ಮಾಡಿದಂಗ ಮಾಡಿದಿವಿ. ಮನ್ಯಾನವರಿಗೆ ಯಾರರ ಆಯೇರಿ ಮಾಡ್ತಾರೇನು?"

"ಸಂಘಕ್ಕೂ ಇಟ್ಟಿಲ್ಲಲ್ರಿ ಯಣ್ಣಾ" ಎಂದಳು ಗುರುಸಿದ್ದವ್ವ ಹಿಂದಿನಿಂದ, ಮೆಲ್ಲಗೆ. "ನಮಗ ನಾವ ಹೆಂಗ ಇಟ್ಕೊಳ್ಳೂದು?"

"ಸುನಂದಾನ ಮದುವ್ಯಾಗ ಕಡೀ ಪಂಕ್ತಿಗೆ ಕುಂತು ಉಂಡಾಂವ ನೀ" ಎಂದಳು ಮುದಕವ್ವ. "ಅವತ್ತ ತಿಳಿದದ್ದು ಇವತ್ತ ತಿಳೀಲಿಲ್ಲೇನು?"

ಎರಡು ಖಾಲಿ ವೃತ್ತ ಅಕ್ಕಪಕ್ಕ ಇದ್ದವು. ಒಂದು ಅವರದು, ಒಂದು ನನ್ನದು. ಕಣ್ಣಾರೆ ಕಂಡಿದ್ದೆ, ಅಂಬರೀನಳೂ ಕಂಡಿದ್ದಳು. ಇಬ್ಬರಿಗೂ ಹೊಳೆದದ್ದು ನನ್ನ ಹೆಸರೊಂದೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಕೀನಾ ಒಳಗಿನಿಂದ ಶೆಡ್ಡಿನ ಕೀಲಿ ತಂದು ನನ್ನ ಕೈಗೂ ಕೊಡದೆ ಮುದಕವ್ವನ ಬುಟ್ಟಿಗೆ ಹಾಕಿದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡ ಸಾಹೇಬರು ಬಂದಾಗಿತ್ತು.

ಸಂಘದ ಕಟ್ಟಡದಲ್ಲಿ ಅಂಬರೀನ ಎಲ್ಲವನ್ನೂ ಓದಿ ಹೇಳಿದಳು. ಶೆಡ್ಡಿನ ಮಾತು ಬಂದಾಗ ಹೆಂಗಸರಲ್ಲಿ ಗದ್ದಲವಾಯಿತು. ಸುನಂದಾ ಎದ್ದು ನಿಂತು, ನಬೀ ಕಾಕಾ ನಮ್ಮವರು, ಅದಕ್ಕೇ ಇಟ್ಟಿಲ್ಲ ಎಂದು ಬಿಡಿಸಿ ಹೇಳಿದಳು. ಅಂಬರೀನ ನನ್ನ ಕಡೆ ನೋಡಿದಳು. ಅವಳ ಮುಖಕ್ಕೆ ಬಣ್ಣ ಬಂದು ಹೋಯಿತು. ಸಾಹೇಬರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀವು ಹೇಳೋದು ನನಗೆ ತಿಳೀತಮ್ಮಾ. ಆದರೆ ಮೇಲಿನವರಿಗೆ ನಾನು ಅಂಕಿ ತೋರಿಸಬೇಕು. ಸೊನ್ನೆ ತೋರಿಸಿದರೆ ಯಂತ್ರ ಗೋದಾಮಿಗೆ ಹೋಗುತ್ತೆ. ಒಂದು ಕೆಲಸ ಮಾಡೋಣ, ಶೆಡ್ಡಿನ ವೃತ್ತಕ್ಕೆ ಈಗ ಮತ್ತೆ ಕಾಳು ಇಡಿ, ನಾವು ಇದನ್ನೇ ಬರ್ಕೊಳ್ತೀವಿ" ಎಂದರು.

ಇದಕ್ಕಿಂತ ಸುಲಭದ ದಾರಿ ಯಾವುದು? ಅಂಬರೀನ ಕಾಳಿನ ಬುಟ್ಟಿ ತಂದಳು. ಮೊದಲ ಹಿಡಿ ಮುದಕವ್ವನ ಕೈಗೆ ಬಂತು.

ಆಕೆ ವೃತ್ತದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಮುಷ್ಟಿ ಮುಂದೆ ಚಾಚಿದಳು, ತೆರೆಯಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

"ಇಡು ಅತ್ತೀ" ಎಂದಳು ಸುನಂದಾ. "ಇಟ್ರ ಏನ ಕಳಕೋತೀವಿ? ಮಷೀನ ಉಳೀತೈತಿ. ಕಾಕಾನ ತೋಳು ಉಳೀತೈತಿ."

ಅವಳು ಹೇಳಿದ್ದು ಖರೆ. ನನಗೂ ವಯಸ್ಸಾಗಿದೆ. ಹಸಿರು ಮಷೀನು ಹೋದರೆ ಮತ್ತೆ ಕೈಚಕ್ರ. ಅಂಬರೀನ ನನ್ನ ಪಕ್ಕಕ್ಕೆ ಬಂದು, ಒಪ್ಪಿಕೊಳ್ಳಿ ಚಾಚಾ, ಬರೀ ಕಾಳು ತಾನೆ ಎಂದಳು.

ಬರೀ ಕಾಳೇ. ಅದೇ ಬರೀ ಕಾಳಿಗಾಗಿ ನಿನ್ನೆ ನಾನು ಊರು ಬಿಡಲು ಹೊರಟಿದ್ದೆ. ಈಗ ಅದು ಮುಷ್ಟಿಗಟ್ಟಲೆ ನನ್ನ ಮುಂದೆ ಇತ್ತು, ನನಗೆ ಬೇಕಾಗಿರಲಿಲ್ಲ. ಡಾಕ್ಟರ ಗುಡ್ಡೆ, ಬ್ಯಾಂಕಿನ ಗುಡ್ಡೆ, ಅವುಗಳ ಪಕ್ಕದಲ್ಲಿ ನಬೀಸಾಬನ ಗುಡ್ಡೆ. ಮೊದಲ ಪಂಕ್ತಿಗೆ, ಹೊರಗಿನವರ ಜತೆ ನನ್ನನ್ನು ಕರೆದು ಕೂರಿಸಿದಂತೆ. ಅಂದಾನೆಪ್ಪ ಹಂಡೆಯ ತಳ ಕೆರೆಯುವ ಸದ್ದು ನನ್ನ ಕಿವಿಗೆ ಕೇಳಿಸಿತು. ಹೌದು, ಅವತ್ತಿನ ಸದ್ದೇ.

"ಇಡಬ್ಯಾಡ ಅಕ್ಕಾ" ಎಂದೆ.

"ಇಡಬ್ಯಾಡೇನು?"

"ಬ್ಯಾಡ. ಮಷೀನ ಒಯ್ಲಿ."

ಮುದಕವ್ವ ಕಾಳನ್ನು ಸೆರಗಿಗೆ ಸುರಿದುಕೊಂಡು ಗಂಟು ಹಾಕಿ ಎದ್ದಳು. "ಆಕಳಿಗೆ ಆತು" ಎಂದಳು. ಕಣ್ಣು ಒರೆಸಿಕೊಂಡದ್ದು ಅದೇ ಸೆರಗಿನಿಂದ. ಅಂಬರೀನ ಪೆನ್ನು ತೆಗೆದು ಸೊನ್ನೆ ಬರೆದಳು.

ಮಷೀನು ಹೋಯಿತು. ಲಾರಿಗೆ ಏರಿಸಲು ನಾನೇ ಹೆಗಲು ಕೊಟ್ಟೆ, ಅದು ಬೇರೆಯವರ ಕೈಯಲ್ಲಿ ಪೆಟ್ಟು ತಿನ್ನಬಾರದಲ್ಲ. ಮೇವು ಬೇಕಾದವರು ಈಗ ಗೋದಾಮಿನಿಂದಲೂ ತರಬಹುದು, ಟೆಂಪೋ ಇದ್ದವರು ತರುತ್ತಾರೆ. ನಾನು ಗೋಣಿಚೀಲ ಸರಿಸಿ ಕೈಚಕ್ರಕ್ಕೆ ಎಣ್ಣೆ ಬಿಟ್ಟೆ, ಅಲಗು ಮಸೆದೆ. ಮೊದಲ ದಿನವೇ ಭುಜ ಅತ್ತುಕೊಂಡಿತು. "ನಾಕು ಕಾಳು ಇಡಿಸ್ಕೊಂಡಿದ್ರ ಈ ಭುಜಕ್ಕ ಎಣ್ಣಿ ತಿಕ್ಕೂದು ತಪ್ಪತಿತ್ತು" ಎಂದು ಸಕೀನಾ ಇವತ್ತಿಗೂ ಬೈಯುತ್ತಾಳೆ, ಕನ್ನಡದಲ್ಲೇ. ಎರಡನೆಯ ದಿನ ಗುರುಸಿದ್ದವ್ವ ಬುಟ್ಟಿ ಇಟ್ಟವಳೇ ಚಕ್ರದ ಹಿಡಿಕೆ ನನ್ನ ಕೈಯಿಂದ ಕಿತ್ತುಕೊಂಡಳು. ಈಗ ಮೇವು ಒಯ್ಯಲು ಬಂದವರೇ ತಿರುಗಿಸುತ್ತಾರೆ. ನಾನು ಹುಲ್ಲು ಒಡ್ಡುತ್ತೇನೆ, ಬೈಯುತ್ತೇನೆ.

ಸುಗ್ಗಿಯಾಯಿತು. ಆ ಸಲ ಕೆಲವರು ಕೊಯ್ಲಿನ ಯಂತ್ರ ಬಿಟ್ಟು, ಹುಲ್ಲು ಉಳಿಯಲಿ ಎಂದು ಕೈಯಿಂದಲೇ ಕೊಯ್ಯಿಸಿದರು. ಬಂಡಿಗಳು, ಟ್ರ್ಯಾಕ್ಟರುಗಳು ಶೆಡ್ಡಿನ ಮುಂದೆ ಸಾಲುಗಟ್ಟಿದವು. ಬಣವೆಯ ಮೇಲೆ ಅಂದಾನೆಪ್ಪನ ಜಾಗದಲ್ಲಿ ಸುನಂದಾ ನಿಂತಳು. ಅಪ್ಪನ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟು, ಸಿವುಡು ಸರಿಯಾಗಿ ಎಸೆಯಿರಿ ಕಾಕಾ ಎಂದು ನನ್ನನ್ನೇ ಗದರಿಸಿದಳು.

ಬಣವೆಯ ತುದಿಗೆ ಮುಡಿ ಕಟ್ಟಿ ಕೆಲಸ ಮುಗಿಸಿದ ದಿನ ಶೆಡ್ಡಿನ ಅಂಗಳದಲ್ಲೇ ಊಟ. ಡಾಕ್ಟರನ್ನು ಕರೆದಿದ್ದರು, ಹಾಲಿನವರನ್ನು ಕರೆದಿದ್ದರು, ದಾಂಡೇಲಿಯಿಂದ ಅಂಬರೀನ ಬಂದಿದ್ದಳು. ಅವರನ್ನೆಲ್ಲ ಮೊದಲು ಕೂರಿಸಿ, ಬೇಡ ಬೇಡ ಎಂದರೂ ಬಿಡದೆ ಗೋಧಿ ಹುಗ್ಗಿ ಸುರಿದರು, ಮೇಲೆ ತುಪ್ಪ ಹಾಕಿದರು. ಚಾಚಾ, ನೀವೂ ಕೂತ್ಕೋರಿ ಎಂದು ಅಂಬರೀನ ತನ್ನ ಪಕ್ಕದ ಎಲೆ ತೋರಿಸಿದಳು. ಅಷ್ಟರಲ್ಲಿ ಮುದಕವ್ವ ನೀರಿನ ತಂಬಿಗೆಯನ್ನು ನನ್ನ ಕೈಗೆ ತುರುಕಿ, "ಅಂವ ಎಲ್ಲಿ ಕುಂಡ್ರತಾನ ಈಗ? ಮಂದಿ ಉಣ್ಣಾಕತ್ತೈತಿ" ಎಂದಳು.

ಎಲ್ಲರೂ ಉಂಡು ಎದ್ದ ಮೇಲೆ ನಾವು ಕೂತೆವು. ಸುನಂದಾ, ಮುದಕವ್ವ, ಗುರುಸಿದ್ದವ್ವ, ಸಕೀನಾ, ನಾನು. ಹುಗ್ಗಿ ಮುಗಿದಿತ್ತು. ಸುನಂದಾ ಎದ್ದು ಹೋಗಿ ಹಂಡೆಯ ತಳ ಕೆರೆಯತೊಡಗಿದಳು. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕೂತು ಆ ಸದ್ದು ಕೇಳಿದೆ. ಅಳು ಬಂತು. ಯಾರೂ ನೋಡದ ಹಾಗೆ ಇರಲು ಪ್ರಯತ್ನಿಸಿದೆ, ಎಲ್ಲರೂ ನೋಡಿದರು. ಸೀದ ಹುಗ್ಗಿ ನನ್ನ ಎಲೆಗೆ ಬಿದ್ದಾಗ, "ಮದುವಿ ಹುಗ್ಗಿ ಬಾಕಿ ಹಂಗ ಉಳೀತು ನೋಡವಾ" ಎಂದೆ.

"ಉಳೀಲಿ ಬಿಡ್ರಿ ಕಾಕಾ" ಎಂದು ಅವಳು ನನ್ನ ಪಕ್ಕದ ಎಲೆಗೆ ಬಂದು ಕೂತಳು.